ಹದಿನೇಳು ಮೆಟ್ಟಿಲಿಗೆ ಕಾರ್ಪೆಟ್

ನಮ್ಮತ್ತೆ ಚಾಮುಂಡಮ್ಮ ನನ್ನ ಜೊತೆ ನೇರವಾಗಿ ಮಾತಾಡುವುದಿಲ್ಲ. ಜಗಳವೇನಿಲ್ಲ. ಅಳಿಯನ ಎದುರು ನಿಂತು ಅತ್ತೆ ಮಾತಾಡಬಾರದೆಂಬುದು ಹೆಗ್ಗಡದೇವನಕೋಟೆ ಕಡೆಯ ಅವರ ತವರಿನ ರೂಢಿ. ಅದನ್ನು ಅವರು ಮದುವೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಕಬಿನಿ ಹೊಳೆ ದಾಟಿ ತಂದಿದ್ದಾರೆ. ನನಗೆ ಹೇಳಬೇಕಾದ್ದನ್ನು ಬೆಕ್ಕಿಗೋ, ಕಂಬಕ್ಕೋ, ಕೆಲಸಕ್ಕೆ ಬರುವ ಅಮ್ಮಾಳುವಿಗೋ ಹೇಳುತ್ತಾರೆ. ಪಕ್ಕದಲ್ಲಿ ಕೂತು ನಾನು ಕೇಳಿಸಿಕೊಳ್ಳಬೇಕು. ಮನೆಅಳಿಯನಾಗಿ ಇಪ್ಪತ್ತೆರಡು ವರ್ಷ ಕಳೆದಿರುವುದರಿಂದ, ನಮ್ಮ ಮನೆಯ ಬೆಕ್ಕಿಗೆ ಬಿದ್ದ ಬೈಗುಳದಲ್ಲಿ ಮುಕ್ಕಾಲು ಪಾಲು ನನ್ನದೇ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಅವರಿಗೆ ಈಗ ಅರವತ್ತೊಂಬತ್ತು. ಹದಿನೇಳಕ್ಕೆ ಮದುವೆಯಾಗಿ ಮಲಯಾಳ ಸೀಮೆಯ ದಡದ ಪೆರಿಕಲ್ಲೂರಿನಲ್ಲಿ ದೋಣಿ ಇಳಿದವರು. ಮಾವ ಬಸವಯ್ಯನವರು ಮುಳ್ಳನ್ಕೊಲ್ಲಿಯಲ್ಲಿ ರಾಗಿ, ಹುರುಳಿ, ಬೆಲ್ಲದ ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿಯ ಹಿಂದಿದ್ದ ಎರಡು ಎಕರೆಯಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದು ಅತ್ತೆ. ಮಲಯಾಳ ಕಲಿತದ್ದೂ ಮೆಣಸಿನ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡುತ್ತಲೇ. ಹಾಗಾಗಿ ಅವರಿಗೆ ಆ ಭಾಷೆಯಲ್ಲಿ ಲೆಕ್ಕ ಮತ್ತು ಬೈಗುಳ ಎರಡೂ ನೀರು ಕುಡಿದಷ್ಟು ಸಲೀಸು. ಮದುವೆ ಮನೆಯಲ್ಲಿ ಕುಶಲ ವಿಚಾರಿಸುವುದಕ್ಕೆ ಮಾತ್ರ ಇವತ್ತಿಗೂ ತಡವರಿಸುತ್ತಾರೆ.

ಮೂವತ್ತು ವರ್ಷದ ಹಿಂದೆ ಮನೆ ಕಟ್ಟುವಾಗ ಮಾವನವರಿಗೆ ಹೆಂಚು ಬೇಕಿತ್ತು. ಅತ್ತೆ ಕೇಳಲಿಲ್ಲ. ಮೆಣಸು ಒಣಗಿಸಲು ಬಿಸಿಲು ಬೀಳುವ ಗಟ್ಟಿ ತಾರಸಿ ಬೇಕೆಂದರು. ತಾರಸಿ ಆಯಿತು. ಹೊರಗಡೆ ಏಣಿ ಇಟ್ಟರೆ ಕಳ್ಳರು ಹತ್ತುತ್ತಾರೆಂದು ಹಜಾರದೊಳಗಿಂದಲೇ ಹದಿನೇಳು ಮೆಟ್ಟಿಲು ಕಟ್ಟಿಸಿದರು. ರೆಡ್‌ಆಕ್ಸೈಡ್ ಮೆಟ್ಟಿಲು, ಒಂದು ಪಕ್ಕಕ್ಕೆ ಮರದ ಹಿಡಿಗಂಬಿ. ನಿಜ ಹೇಳಬೇಕೆಂದರೆ ಆ ಮನೆ ಕಟ್ಟಿಸಿದ್ದು ಮೆಣಸಿಗೆ. ಕೆಳಗೆ ಜಾಗ ಮಿಕ್ಕಿತ್ತೆಂದು ನಾವು ಇದ್ದೇವೆ.

ಪ್ರತಿ ವರ್ಷ ಜನವರಿಯಲ್ಲಿ ಕೊಯ್ಲು ಶುರುವಾದರೆ ಅತ್ತೆ ಮತ್ತು ಅಮ್ಮಾಳು ತಾರಸಿಯ ಮೇಲೇ ಇರುತ್ತಾರೆ. ಅಮ್ಮಾಳು ಕಾಡಂಚಿನ ಕಾಲೊನಿಯವಳು, ಅತ್ತೆಗಿಂತ ಐದಾರು ವರ್ಷ ಚಿಕ್ಕವಳು, ಮೂವತ್ತು ಕೊಯ್ಲಿನ ಜೊತೆಗಾತಿ. ಇಬ್ಬರೂ ಸೆರಗು ಬಿಗಿದು, ಬರಿಗಾಲಲ್ಲಿ ಮೆಣಸಿನ ಗೊಂಚಲು ತುಳಿದು ಕಾಳು ಬಿಡಿಸುತ್ತಾರೆ, ಹರಡುತ್ತಾರೆ, ಗಳಿಗೆಗೊಮ್ಮೆ ಕೈಯಾಡಿಸುತ್ತಾರೆ. ನಾಲ್ಕೈದು ಬಿಸಿಲಿಗೆ ಹಸಿರು ಕಾಳು ಕಪ್ಪಾಗುತ್ತದೆ. ಆಮೇಲೆ ಬುಟ್ಟಿಗೆ ತುಂಬಿ, ತಲೆಯ ಮೇಲಿಟ್ಟುಕೊಂಡು ಇಳಿಸುತ್ತಾರೆ.

ಹೋದ ವರ್ಷದ ಜನವರಿಯಲ್ಲಿ ಹಾಗೆ ಇಳಿಸುವಾಗಲೇ ಅತ್ತೆ ಬಿದ್ದದ್ದು. ಮೆಟ್ಟಿಲೆಲ್ಲ ಇಳಿದು ಮುಗಿಸಿ, ಕೊನೆಗೆ ನೆಲಕ್ಕೆ ಕಾಲಿಡುವಲ್ಲಿ ಮುಗ್ಗರಿಸಿದರು. ಬುಟ್ಟಿ ಒಂದು ಕಡೆ, ಅವರು ಒಂದು ಕಡೆ. ಎಡಗೈ ಮಣಿಕಟ್ಟು ಮುರಿಯಿತು. ಹಜಾರದ ತುಂಬ ಮೆಣಸು ಉರುಳಿತು. ನನ್ನ ಹೆಂಡತಿ ಭಾಗ್ಯಲಕ್ಷ್ಮಿ ಕ್ಲಿನಿಕ್ಕೊಂದರಲ್ಲಿ ನರ್ಸು, ಓಡಿ ಬಂದು ಕೈ ಹಿಡಿದು, "ಏನಾಯ್ತಮ್ಮಾ? ಕಾಳು ತುಳಿದೆಯಾ?" ಎಂದು ಕೇಳಿದಳು.

"ಇಲ್ಲ ಕಣೆ. ನೆಲ ಎದ್ದು ಬಂತು," ಎಂದರು ಅತ್ತೆ.

ನೆಲ ಎದ್ದು ಬಂತು ಅಂದರೆ ತಲೆಸುತ್ತು. ನರ್ಸಿಗೆ ಇನ್ನೇನು ಅರ್ಥವಾಗಬೇಕು? ಬಿಪಿ ನೋಡಿಸಿದಳು, ರಕ್ತ ನೋಡಿಸಿದಳು, ಕಿವಿಯೊಳಗೂ ನೋಡಿಸಿದಳು. ಎಲ್ಲ ಸರಿಯಾಗಿತ್ತು. ಎಲ್ಲ ಸರಿಯಾಗಿದ್ದೂ ಬಿದ್ದರೆ ಅದಕ್ಕೆ ವಯಸ್ಸು ಅನ್ನುತ್ತಾರೆ. ಅತ್ತೆ ಇನ್ನು ಮೆಟ್ಟಿಲು ಹತ್ತಕೂಡದು, ಮುಂದಿನ ಕೊಯ್ಲಿನಿಂದ ಮೆಣಸನ್ನು ಒಣಗಿಸುವುದೇ ಬೇಡ, ಹಸಿಯದನ್ನೇ ವ್ಯಾಪಾರಿಗೆ ಕೊಟ್ಟುಬಿಡುವುದು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ಭಾಗ್ಯ. ನಾನು ತಲೆಯಾಡಿಸಿದೆ, ಮನೆಅಳಿಯನ ಹಕ್ಕು ಅಷ್ಟಕ್ಕೇ.

ಅತ್ತೆ ಎದುರಾಡಲಿಲ್ಲ. ಆದರೆ ಕೈಯ ಕಟ್ಟು ಬಿಚ್ಚಿದ ಮೇಲೆ ದಿನಾ ಮಧ್ಯಾಹ್ನ ಅವರೆಕಾಯಿಯನ್ನೋ ಕರಿಬೇವನ್ನೋ ಹಿಡಿದುಕೊಂಡು ಮೊದಲನೇ ಮೆಟ್ಟಿಲಿನ ಮೇಲೆ ಕೂರತೊಡಗಿದರು. ಹಸಿಮೆಣಸಿನ ವ್ಯಾಪಾರಿ ಡಿಸೆಂಬರಿನಲ್ಲಿ ಬಂದು ಬಳ್ಳಿ ನೋಡಿಕೊಂಡು ಹೋದ ದಿನ ಬೆಕ್ಕಿಗೆ ಹೇಳಿದರು: "ಹಸೀದೇ ಮಾರೋದಾದ್ರೆ ಈ ಮನೇಲಿ ನಂಗೇನ್ ಕ್ಯಾಮೆ ಬೆಕ್ಕೇ? ನೀನಾದ್ರೂ ಇಲಿ ಹಿಡೀತೀಯೆ."

ಅದು ನನಗೆ ಹೇಳಿದ್ದೆಂದು ಬೆಕ್ಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ರಾತ್ರಿ ಊಟದ ಹೊತ್ತಿಗೆ ಭಾಗ್ಯಳ ಹತ್ತಿರ ವಕಾಲತ್ತು ಮಾಡಿದೆ. ಬಹಳ ಹೊತ್ತಾದ ಮೇಲೆ ಅವಳು ಒಂದು ಷರತ್ತಿಗೆ ಇಳಿದಳು.

"ಮೆಟ್ಟಿಲು ಜಾರದ ಹಾಗೆ ಮಾಡಿಸಿ. ನಾನು ಮುಂದೆ ನಿಂತು ನೋಡ್ತೀನಿ. ಅಮ್ಮ ಮೂರು ಸಲ ಹತ್ತಿ ಇಳಿದು ತೋರಿಸ್ಲಿ. ಆಮೇಲೆ ಮಾತು. ಇಲ್ಲಾಂದ್ರೆ ಜನವರಿ ಮೊದಲ ವಾರ ವ್ಯಾಪಾರಿ ಬಂದು ಹಸೀದನ್ನೇ ಕೊಯ್ಕೊಂಡು ಹೋಗ್ತಾನೆ."

ನನ್ನ ಕೈಯಲ್ಲಿ ಮೂರು ವಾರವಿತ್ತು.

ಮಾರನೆಯ ದಿನವೇ ಶಾಲೆಯಲ್ಲಿ ಪಾಠ ಮುಗಿಸಿಕೊಂಡು ಹತ್ತಿರದ ಪೇಟೆ ಪುಲ್ಪಳ್ಳಿಗೆ ಹೋಗಿ ಷಿಬುವಿನ ಅಂಗಡಿ ಹೊಕ್ಕೆ. ಹಾಸಿಗೆ, ಚಾಪೆ, ಕಾರ್ಪೆಟ್ ಎಲ್ಲ ಇಟ್ಟುಕೊಂಡವನು. ಗಡಿಯಾಚೆಯ ಗಿರಾಕಿಗಳಿಂದ ಕಲಿತ ಅವನ ಕನ್ನಡ ವ್ಯಾಪಾರಕ್ಕೆ ಸಾಲುವಷ್ಟಿದೆ. ನಾನು ಆರಿಸಿದ್ದು ಕಲ್ಯಾಣ ಮಂಟಪದಲ್ಲಿ ವಧೂವರರು ನಡೆದು ಬರುವಂಥ ಕೆಂಪು ಕಾರ್ಪೆಟ್ಟು. ಕಾಲಿಟ್ಟರೆ ಬೆರಳು ಮುಳುಗಬೇಕು, ಹಾಗೆ. ಮೆತ್ತಗಿದ್ದಷ್ಟೂ ಬಿದ್ದರೆ ನೋವು ಕಡಿಮೆ ಎಂಬುದು ನನ್ನ ತರ್ಕ.

"ಮಾಷೇ, ಇದು ಮೆಟ್ಲಿಗೆ ಬೇಡ," ಎಂದ ಷಿಬು. "ಇದು ಹಾಲ್ ನೆಲಕ್ಕೆ ಹಾಕೋ ಸಾಧನ."

ಮಾಷ್, ಅಂದರೆ ಮೇಷ್ಟ್ರು, ಎನಿಸಿಕೊಂಡು ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಅಂಗಡಿಯವನು ಪಾಠ ಹೇಳಿದರೆ ಹಿಡಿಸುವುದಿಲ್ಲ. ಸುರುಳಿ ಸುತ್ತಿಸಿಕೊಂಡು ಬಂದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದಕ್ಕೆ ಬಿಟ್ಟು, ಅಲ್ಲಲ್ಲಿ ಎರಡೂ ಬದಿ ಅಂಟುವ ಟೇಪು ಹಚ್ಚಿದೆ. ನೋಡುವುದಕ್ಕೆ ಅರಮನೆಯ ಹಾಗಿತ್ತು. ಅದನ್ನು ನೋಡುತ್ತ ನಿಂತವನಿಗೆ, ಇದರ ಮೇಲೆ ತೋಟದ ಕಾಲು ಇಟ್ಟರೆ ಏನು ಗತಿ ಎಂಬ ಚಿಂತೆ ಹತ್ತಿತು.

ನಮ್ಮ ಮನೆಯಲ್ಲಿ ಹೊಸ ವಸ್ತುವನ್ನು ಹಾಗೇ ಬಳಸುವ ಪದ್ಧತಿಯಿಲ್ಲ. ಟಿವಿ ರಿಮೋಟು ಪ್ಲಾಸ್ಟಿಕ್ ಕವರಿನಲ್ಲಿದೆ, ಸೋಫಾದ ಮೇಲೆ ಬೆಡ್‌ಶೀಟು, ಬೆಡ್‌ಶೀಟಿನ ಮೇಲೆ ಟವೆಲು. ಆದ್ದರಿಂದ ಕಾರ್ಪೆಟ್ಟಿನ ಉದ್ದಕ್ಕೂ ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಬಣ್ಣವೂ ಕಾಣುತ್ತದೆ, ಕೊಳೆಯೂ ಆಗುವುದಿಲ್ಲ. ಜಾರದಿರಲಿ ಎಂದು ತಂದದ್ದರ ಮೇಲೆ ಪ್ಲಾಸ್ಟಿಕ್ ಹಾಕಿದ್ದೇನೆಂಬುದು ಒಬ್ಬರಿಗೂ ಹೊಳೆಯಲಿಲ್ಲ. ನೆರೆಯವರು ಬಂದು ನೋಡಿ, ಹೊಗಳಿಯೂ ಹೋದರು.

ಮೂರನೆಯ ದಿನ ಸಂಜೆ ನೀರಿನ ಟ್ಯಾಂಕು ನೋಡಲು ಹತ್ತಿದ್ದವನು ಇಳಿಯುತ್ತ ಆರನೇ ಮೆಟ್ಟಿಲಲ್ಲಿ ಜಾರಿದೆ. ಅಲ್ಲಿಂದ ಮುಂದಕ್ಕೆ ನಾನು ಕಾಲು ಬಳಸಲಿಲ್ಲ. ಕೂತ ಭಂಗಿಯಲ್ಲೇ, ಪ್ಲಾಸ್ಟಿಕ್ಕಿನ ಮೇಲೆ, ಒಂದೊಂದೇ ಮೆಟ್ಟಿಲಿಗೆ ಒಂದೊಂದು ಕುಕ್ಕು ಹಾಕಿಕೊಂಡು ಕೆಳಗೆ ಬಂದೆ. ಬುಡದಲ್ಲಿ ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ತಿರುಗಿ ನೋಡಿ, ಮೊರ ಎತ್ತಿಕೊಂಡು ಪಕ್ಕಕ್ಕೆ ಸರಿದರು.

"ಅಮ್ಮಾಳೂ, ದಾರಿ ಬುಡು. ಅವ್ರು ಬತ್ತಾವ್ರೆ."

ಅಮ್ಮಾಳು ಬಾಗಿಲ ಹತ್ತಿರ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. "ಮಾಷ್ಗೆ ಬುಟ್ಟಿ ಇಲ್ದೇನೂ ಬೀಳೋಕೆ ಬತ್ತದೆ ಅಕ್ಕಾ."

ಭಾಗ್ಯ ಬಿಸಿನೀರಿನ ಚೀಲ ತಂದು ಕೊಟ್ಟಳು. ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ಹೇಳುವ ಅಗತ್ಯವಿರಲಿಲ್ಲ. ಕೆಂಪು ಕಾರ್ಪೆಟ್ಟು ಮತ್ತೆ ಸುರುಳಿಯಾಯಿತು. ಮಾರನೆಯ ದಿನ ಅತ್ತೆ ಕಂಬಕ್ಕೆ ಹೇಳಿದರು: "ಅಂಗಡಿ ನೆಲದ ಮೇಲೇ ಅಯ್ತಲ್ಲ, ಮಹಡಿ ಮೇಲಿಲ್ವಲ್ಲ? ನಾನೇ ಓಗಿ ನೋಡ್ತೀನಿ."

ಭಾಗ್ಯ ಬೇಡವೆನ್ನಲು ಕಾರಣ ಹುಡುಕಿದಳು, ಸಿಗಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆ, ಅಮ್ಮಾಳು, ನಾನು ಮೂವರೂ ಪುಲ್ಪಳ್ಳಿ ಬಸ್ಸು ಹತ್ತಿದೆವು. ನನ್ನ ಕಂಕುಳಲ್ಲಿ ಕೆಂಪು ಸುರುಳಿ. ಷಿಬು ಅದನ್ನು ನೋಡಿದ, ನನ್ನ ನಡಿಗೆಯನ್ನೂ ನೋಡಿದ, ಮರ್ಯಾದಸ್ಥನಾದ್ದರಿಂದ ಏನೂ ಕೇಳಲಿಲ್ಲ.

"ಬನ್ನಿ ಅಮ್ಮಚ್ಚೀ. ಯಾವ ಕಲರ್ ಬೇಕು?"

"ಕಲರ್ ಆಮ್ಯಾಕೆ. ತುಂಡು ಕೊಡಪ್ಪ, ತುಳೀಬೇಕು."

ಷಿಬು ಮಾದರಿಯ ತುಂಡುಗಳನ್ನು ನೆಲಕ್ಕೆ ಹಾಸಿದ. ಅತ್ತೆ ಚಪ್ಪಲಿ ಬಿಟ್ಟು, ಸೊಂಟದ ಎಲೆಅಡಿಕೆ ಚೀಲದಿಂದ ಒಂದು ಹಿಡಿ ಒಣಗಿದ ಮೆಣಸಿನ ಕಾಳು ತೆಗೆದು ಅವುಗಳ ಮೇಲೆಲ್ಲ ಎರಚಿದರು.

"ಅಯ್ಯೋ ಅಮ್ಮಚ್ಚೀ! ಎಂದಾ ಇದು, ಏನಿದು?"

"ನಮ್ಮನೆ ಮೆಟ್ಲ ಮೇಲೆ ಇದು ಇದ್ದೇ ಇರ್ತದೆ. ಇದಿಲ್ದೇ ನೋಡಿದ್ರೆ ಏನ್ ಬಂತು?"

ಮೊದಲು ದಪ್ಪನೆಯದು. ಎರಚಿದ ಕಾಳು ಅದರೊಳಗೆ ಮಾಯವಾಗಿತ್ತು. ಅತ್ತೆ ಕಾಲಿಟ್ಟು ತೂಗಿದರು. "ಇದ್ರೊಳಗೆ ಒಂದ್ ಸೇರು ಮೆಣಸು ಬಚ್ಚಿಡ್ಬೌದು. ಕಾಲೂ ಓಲಾಡ್ತದೆ. ಎತ್ತು." ಆಮೇಲೆ ದಾರ ಕತ್ತರಿಸದೆ ಸಣ್ಣ ಸಣ್ಣ ಕುಣಿಕೆಗಳ ಹಾಗೆ ನೇಯ್ದದ್ದು. ಗಟ್ಟಿಯಾಗಿಯೇ ಇತ್ತು. ಆದರೆ ಅಮ್ಮಾಳು ತುಳಿದು ಕಾಲೆತ್ತುವಾಗ ಅವಳ ಒಡೆದ ಹಿಮ್ಮಡಿಗೆ ದಾರ ಸಿಕ್ಕಿಕೊಂಡು ತುಂಡೂ ಜೊತೆಗೇ ಎದ್ದು ಬಂತು. "ಇಳಿಯೋವಾಗ ಇಂಗೆ ಎಳುದ್ರೆ ಸೀದಾ ಮಾಷ್ ದಾರೀಗೇ," ಎಂದಳು ಅಮ್ಮಾಳು. ನಾನು ಗೋಡೆಯ ಕ್ಯಾಲೆಂಡರು ಓದಿದೆ.

ದೊಡ್ಡ ದೊಡ್ಡ ಹೂವಿನದೊಂದನ್ನು ಷಿಬು ಅಂಗಡಿಯ ಬಾಗಿಲ ಮೆಟ್ಟಿಲಿಗೇ ಹೊದಿಸಿ ತೋರಿಸಿದ. ಬಹಳ ಚೆನ್ನಾಗಿತ್ತು. ಅತ್ತೆ ಮೇಲೆ ನಿಂತು ಕೆಳಗೆ ನೋಡಿ, ಮೆಟ್ಟಿಲು ಎಲ್ಲಿ ಮುಗಿಯಿತು, ಹೂವು ಎಲ್ಲಿ ಮುಗಿಯಿತು ತಿಳಿಯುವುದಿಲ್ಲ ಎಂದರು. ತೆಂಗಿನ ನಾರಿನ ಹಾಸನ್ನು ಮಾತ್ರ ಇಬ್ಬರೂ ಬಹಳ ಹೊತ್ತು ತುಳಿದರು. ಕಾಲು ಕಚ್ಚಿ ನಿಲ್ಲುತ್ತಿತ್ತು. ಕೊನೆಗೆ ಅತ್ತೆಯೇ ಬೇಡವೆಂದರು: ನಾರು ಉದುರಿ ಮೆಣಸಿಗೆ ಬೆರೆತರೆ ವ್ಯಾಪಾರಿ ಕಸ ಎಂದು ಹೆಸರಿಡುತ್ತಾನೆ.

ಮೂಲೆಯಲ್ಲಿ ಸರ್ಕಾರಿ ಆಫೀಸಿನ ನೆಲದಂಥದೊಂದು ಬಿದ್ದಿತ್ತು. ಗಿಡ್ಡ ಎಳೆ, ಒತ್ತಾದ ನೇಯ್ಗೆ, ಗೋಧಿ ಹಿಟ್ಟಿನ ಬಣ್ಣ, ಒಂದು ಗೆರೆಯೂ ಇಲ್ಲ. ನಾನಾದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅತ್ತೆ ಕಾಳು ಎರಚಿದರು. ಆ ತಿಳಿ ಬಣ್ಣದ ಮೇಲೆ ಕರಿಯ ಕಾಳು ಒಂದೊಂದೂ ಎದ್ದು ಕಂಡಿತು. ತುಳಿದರೆ ಉರುಳದೆ ನಿಂತಲ್ಲೇ ನಿಂತಿತು. ಬಾಗಿಲ ಮೆಟ್ಟಿಲಿಗೆ ಹಾಕಿಸಿ ನಾಲ್ಕು ಸಲ ಹತ್ತಿಳಿದರು. ಕಾರ್ಪೆಟ್ಟಿನ ಕೆಳಗೆ ಹಾಕುವ ಮೆತ್ತೆಯನ್ನೂ ತೆಳ್ಳಗಿದ್ದು ಗಟ್ಟಿಯಾಗಿದ್ದದ್ದನ್ನೇ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಆರಿಸಿದರು.

"ಅಮ್ಮಚ್ಚೀ, ಇಲ್ಲಿ ಕೆಲಸಕ್ಕೆ ಬರ್ತೀರಾ?" ಎಂದ ಷಿಬು.

"ಕೊಯ್ಲು ಮುಗೀಲಿ ತಡಿ."

ಕೊಯ್ಲು ತನ್ನದೇ ಎಂದು ಅವರು ಆಗಲೇ ಲೆಕ್ಕ ಹಾಕಿದ್ದರು. ಭಾಗ್ಯಳ ಮೂರು ಸಲದ ಪರೀಕ್ಷೆ ಇನ್ನೂ ಬಾಕಿಯಿತ್ತು.

ಭಾನುವಾರ ಷಿಬುವಿನ ಕಡೆಯ ಪ್ರಜೀಷ್ ಕಾರ್ಪೆಟ್ ಕೂರಿಸಲು ಬಂದ. ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕತ್ತರಿಸುವ ಮುಂಚೆ ಒಂದೊಂದು ಮೆಟ್ಟಿಲನ್ನೂ ಟೇಪು ಹಿಡಿದು ಅಳೆಯುತ್ತ ಮೇಲಿನಿಂದ ಇಳಿದು ಬಂದ. ಏಳು ಇಂಚು ಎತ್ತರ, ಏಳು, ಏಳು. ಬುಡಕ್ಕೆ ಬಂದು ಟೇಪು ಇಟ್ಟ. ತೆಗೆದು ಮತ್ತೆ ಇಟ್ಟ.

"ಮಾಷೇ, ಇದು ಐದೇ ಇಂಚು."

"ಹೇಗಾಗುತ್ತೆ? ಎಲ್ಲ ಒಂದೇ ಮೇಸ್ತ್ರಿ ಕಟ್ಟಿದ್ದು," ಎಂದೆ.

"ಮೆಟ್ಲು ಸರಿಯಾಗೇ ಇದೆ. ನೆಲ ಮೇಲೆ ಬಂದಿದೆ. ಟೈಲ್ಸ್ ಯಾವಾಗ ಹಾಕಿಸಿದ್ದು?"

ಬಿದ್ದ ಜನವರಿಗೆ ನಾಲ್ಕು ತಿಂಗಳ ಹಿಂದೆ, ಓಣಂ ರಜೆಯಲ್ಲಿ. ಹಾಕಿಸಿದ್ದು ನಾನು. ಹಳೆಯ ನೆಲ ಒಡೆಸಿದರೆ ಧೂಳು ಎಂದು ಅದರ ಮೇಲೆಯೇ ಗಾರೆ ಹಾಕಿ ಟೈಲ್ಸ್ ಕೂರಿಸಲು ಹೇಳಿದವನೂ ನಾನು. ನೆಲ ಎರಡು ಇಂಚು ಏರಿದ್ದರಿಂದ ಒಳಗಿನ ಬಾಗಿಲುಗಳು ತೆರೆಯದೆ, ಬಡಗಿಯನ್ನು ಕರೆಸಿ ಎಲ್ಲದರ ಬುಡ ಕೊಯ್ಸಿದ್ದೆ. ಇಷ್ಟೆಲ್ಲ ಮಾಡಿದವನು ಮೆಟ್ಟಿಲಿನ ಬುಡ ನೋಡಿರಲಿಲ್ಲ. ಮೂವತ್ತು ವರ್ಷ ಏಳೇಳು ಇಂಚು ಇಳಿದ ಕಾಲು, ತಲೆಯ ಮೇಲೆ ಬುಟ್ಟಿ ಹೊತ್ತು, ಕೆಳಗೆ ನೋಡದೆ ಕೊನೆಯ ಏಳಕ್ಕೆ ಇಳಿಯುವಾಗ ಐದಕ್ಕೇ ನೆಲ ಬಂದು ಬಡಿದಿತ್ತು.

ಮುಚ್ಚಿಡುವಂತಿರಲಿಲ್ಲ, ಭಾಗ್ಯ ಅಲ್ಲೇ ನಿಂತಿದ್ದಳು. "ನನ್ನದೇ ತಪ್ಪು," ಎಂದೆ. "ಅವತ್ತು ಅಮ್ಮ ಹೇಳಿದ್ದು ಇದನ್ನೇ. ತಲೆಸುತ್ತಲ್ಲ. ನೆಲವೇ ಎದ್ದು ಬಂದಿತ್ತು."

ಭಾಗ್ಯ ನನ್ನ ಕಡೆ ನೋಡಿದಳು. ಅದರ ವಿವರ ಬೇಡ. ಆಮೇಲೆ ತಾಯಿಯ ಕಡೆ ನೋಡಿದಳು.

ಅತ್ತೆ ಪ್ರಜೀಷನ ಹತ್ತಿರ ಹೋಗಿ, "ಎಷ್ಟು ಏರೈತೆ, ಬೆಳ್ಳಲ್ಲಿ ತೋರ್ಸು," ಎಂದರು. ಅವನು ತೋರಿಸಿದ. ಅವರು ಅಷ್ಟೇ ಅಳತೆಯನ್ನು ತಮ್ಮ ಬೆರಳಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಸುಮಾರು ಹೊತ್ತು ನೋಡಿದರು.

"ಹಂಗಾದ್ರೆ ಕಾಲು ಸರಿಯಾಗೇ ಇತ್ತು," ಎಂದರು. ಬೆಕ್ಕಿಗಲ್ಲ, ಅಮ್ಮಾಳುವಿಗೂ ಅಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಕಾಫಿ ಮಾಡಲು ಒಳಗೆ ಹೋದರು.

"ಹಾಗಾದರೆ ಕಾರ್ಪೆಟ್ ಹಾಕಿಬಿಡು," ಎಂದೆ ಪ್ರಜೀಷನಿಗೆ, ಆದಷ್ಟು ಬೇಗ ವಿಷಯ ಬದಲಾಗಲೆಂದು.

ಅವನು ಒಪ್ಪಲಿಲ್ಲ. ಹೀಗೇ ಹೊದಿಸಿದರೆ ಗಿಡ್ಡ ಮೆಟ್ಟಿಲು ಇನ್ನೂ ಕಾಣದ ಹಾಗಾಗುತ್ತದೆ, ಎಂಥ ಕಾರ್ಪೆಟ್ಟಾದರೂ ಬೀಳಿಸುತ್ತದೆ ಎಂದ. ಹಜಾರದ ಟೈಲ್ಸ್ ಕೀಳಿಸುವುದಕ್ಕೆ ಕೊಯ್ಲಿನ ಮುಂಚೆ ಸಮಯವಿರಲಿಲ್ಲ. ಕೊನೆಗೆ ಅವನೇ ಉಪಾಯ ಹೇಳಿದ. ಕೆಳಗಿನ ಮೂರು ಮೆಟ್ಟಿಲಿಗೆ ಹಲಗೆ ಕೂರಿಸುವುದು: ಮೊದಲನೆಯದಕ್ಕೆ ಒಂದೂವರೆ ಇಂಚು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಅರ್ಧ. ಆಗ ಕೆಳಗಿನ ನಾಲ್ಕೂ ಆರೂವರೆ ಇಂಚಾಗುತ್ತವೆ, ಮೇಲಿನವು ಏಳು. ಎರಡು ಇಂಚಿನ ವ್ಯತ್ಯಾಸ ಅರ್ಧ ಇಂಚಿಗೆ ಇಳಿಯುತ್ತದೆ. "ಅರ್ಧ ಇಂಚು ಯಾರಿಗೂ ಗೊತ್ತಾಗಲ್ಲ," ಎಂದ.

ಬುಧವಾರದ ಹೊತ್ತಿಗೆ ಹಲಗೆ ಕೂತಿತು. ಅದರ ಮೇಲೆ ಗೋಧಿ ಬಣ್ಣದ ಕಾರ್ಪೆಟ್ಟು. ಪ್ರಜೀಷ್ ಅದನ್ನು ಮೆಟ್ಟಿಲಿನ ಮುಂದಿನ ಅಂಚಿಗೆ ಬಿಗಿಯಾಗಿ ಸುತ್ತಿಸಿ, ಒಳಮೂಲೆಯಲ್ಲಿ ಅಡಿಯಿಂದ ಕಚ್ಚಿ ಹಿಡಿಯುವ ಮುಳ್ಳುಪಟ್ಟಿ ಹೊಡೆದು ಎಳೆದು ಕಟ್ಟಿದ್ದ. ಉಗುರು ತೂರಿಸಿದರೂ ಸಡಿಲವಿರಲಿಲ್ಲ. ಪ್ಲಾಸ್ಟಿಕ್ಕಿನ ಮಾತು ನಾನು ಎತ್ತಲಿಲ್ಲ.

ಭಾಗ್ಯ ಡ್ಯೂಟಿ ಮುಗಿಸಿ ಬಂದು ಯೂನಿಫಾರ್ಮಿನಲ್ಲೇ ಮೆಟ್ಟಿಲ ಬುಡದಲ್ಲಿ ನಿಂತಳು. ತಪ್ಪು ನೆಲದ್ದೆಂದು ಗೊತ್ತಾದ ಮೇಲೂ ಷರತ್ತು ಷರತ್ತೇ. ಅತ್ತೆ ಮೊದಲು ಬರಿಗೈಯಲ್ಲಿ ಹತ್ತಿ ಇಳಿದರು. ಎರಡನೆಯ ಸಲ ಖಾಲಿ ಬುಟ್ಟಿ ಹೊತ್ತರು. ಮೂರನೆಯ ಸಲಕ್ಕೆ ಮೇಲಿನಿಂದಲೇ, "ಅಮ್ಮಾಳೂ, ಅಕ್ಕಿ ತುಂಬು," ಎಂದು ಕೂಗಿದರು.

"ಅಮ್ಮಾ, ಅಷ್ಟೆಲ್ಲ ಬೇಡ," ಎಂದಳು ಭಾಗ್ಯ.

"ನಾಳೆ ಮೆಣ್ಸು ಗಾಳಿ ತುಂಬ್ಕೊಂಡು ಕುಂತಿರ್ತದಾ?"

ಅಮ್ಮಾಳು ಅಕ್ಕಿ ಹೊತ್ತುಕೊಂಡು ಹೋಗಿ ಅವರ ತಲೆಗೇರಿಸಿದಳು. ಅತ್ತೆ ಇಳಿಯತೊಡಗಿದರು. ನಾನು ಮೆಟ್ಟಿಲು ಎಣಿಸುತ್ತಿದ್ದೆ. ಕೆಳಗಿನಿಂದ ನಾಲ್ಕನೆಯದರಲ್ಲಿ ಅವರ ಕಾಲು ಒಂದು ಗಳಿಗೆ ತಡೆಯಿತು. ಭಾಗ್ಯಳ ಎರಡೂ ಕೈ ತಾವಾಗಿಯೇ ಮುಂದೆ ಚಾಚಿದವು. ಅತ್ತೆ ಮತ್ತೆ ಹೆಜ್ಜೆ ಇಟ್ಟರು. ಮೂರು, ಎರಡು, ಒಂದು, ನೆಲ. ಬುಟ್ಟಿ ಅಲುಗಲಿಲ್ಲ.

"ಇಲ್ಲಿಂದ ಒಂಚೂರು ಗಿಡ್ಡ ಮಾಡವ್ನೆ," ಎಂದರು. ಯಾರಿಗೂ ಗೊತ್ತಾಗದ ಅರ್ಧ ಇಂಚು ಅವರಿಗೆ ಗೊತ್ತಾಗಿತ್ತು. ಬುಟ್ಟಿ ಇಳಿಸಿ ಮತ್ತೆ ಹತ್ತಿದರು. ಇಳಿದರು. ಹತ್ತಿದರು. ಭಾಗ್ಯ ಗಾಬರಿಯಾಗಿ, "ಮೂರು ಸಲ ಆಯ್ತಲ್ಲಮ್ಮ, ಸಾಕು," ಎಂದಳು.

"ಅದು ನಿನ್ ಲೆಕ್ಕ. ಕಾಲ್ಗೆ ಇನ್ನೂ ಕಲ್ಸಬೇಕು."

ಒಂಬತ್ತು ಸಲವಾಯಿತು. ಕೊನೆಕೊನೆಗೆ ಆ ತಡೆಯುವಿಕೆ ಇರಲಿಲ್ಲ. ಆಮೇಲೆ ತಾಯಿ-ಮಗಳು ಅಡುಗೆಮನೆಯಲ್ಲಿ ಕೂತು ರಾಜಿಯಾದರು: ಅತ್ತೆ ಅರ್ಧ ಬುಟ್ಟಿ ಮಾತ್ರ ಹೊರುವುದು, ಒಂದು ಕೈ ಹಿಡಿಗಂಬಿಯ ಮೇಲಿರುವುದು. ಮಿಕ್ಕರ್ಧ ಯಾರು ಹೊರಬೇಕೆಂಬ ಪ್ರಶ್ನೆಯನ್ನು ನನ್ನನ್ನು ಕೇಳದೆಯೇ ತೀರ್ಮಾನಿಸಿದರು. ಟೈಲ್ಸ್ ಹಾಕಿಸಿದವನು ನಾನಲ್ಲವೇ. ಹಸಿಮೆಣಸಿನ ವ್ಯಾಪಾರಿಗೆ ಭಾಗ್ಯಳೇ ಫೋನ್ ಮಾಡಿ, ಈ ವರ್ಷ ಇಲ್ಲ ಎಂದಳು.

ಜನವರಿ ಎರಡನೆಯ ವಾರ ಕೊಯ್ಲು. ಐದನೆಯ ಬಿಸಿಲಿನ ಸಂಜೆ ಅತ್ತೆ ತಾರಸಿಯ ಮೇಲೆ ಒಂದು ಹಿಡಿ ಕಾಳು ಎತ್ತಿ, ಕಿವಿಯ ಹತ್ತಿರ ಕುಲುಕಿ, ಸದ್ದು ಕೇಳಿ ತಲೆಯಾಡಿಸಿದರು. ಅಮ್ಮಾಳು ಬುಟ್ಟಿಗಳಿಗೆ ತುಂಬಿದಳು. ಅತ್ತೆ ಮುಂದೆ, ನಾನು ಹಿಂದೆ. ಕೆಳಗೆ ಹಜಾರದಲ್ಲಿ ಭಾಗ್ಯ ಮಾರನೆಯ ದಿನದ ಯೂನಿಫಾರ್ಮು ಇಸ್ತ್ರಿ ಮಾಡುತ್ತಿದ್ದಳು. ತಾಯಿ ಹದಿನೇಳೂ ಇಳಿದು, ಪಕ್ಕದಲ್ಲೇ ಹಾದು, ಉಗ್ರಾಣಕ್ಕೆ ಹೋದರೂ ತಲೆ ಎತ್ತಲಿಲ್ಲ. ಆಮೇಲೆ ನಾನು ಕೆಳಗಿನ ಮೆಟ್ಟಿಲುಗಳಿಗೆ ಬಂದಾಗ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ನೋಡಿದಳು.

"ರೀ, ನೋಡ್ಕೊಂಡು ಇಳೀರಿ."